‘ಆಪರೇಷನ್ ಮಾಡಂಗಿಲ್ಲೇನ್ರಿ?’

2021ರ ನವೆಂಬರ್. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದ ದಿನಗಳು. ಬೆಳಗಿನ ಮೀಟಿಂಗ್ ನಡೀತಿರುವಾಗಲೇ ಕಾಕಾನ ಮಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ. ಕಲಬುರಗಿಯ ಆಸ್ಪತ್ರೆಯಿಂದ ಬಂದ ಸಿ.ಟಿ. ಸ್ಕ್ಯಾನ್ ರಿಪೋರ್ಟ್. ಕೆಳಗೆ ಒಂದೇ ಸಾಲು: ‘ಅಣ್ಣಾ, ಇದರಾಗ ಏನ್ ಬರದಾರ ನೋಡಿ ಹೇಳು. ಅಪ್ಪಗ ಹೇಳಿಲ್ಲ.’

ಮನೆಯಲ್ಲಿ ಯಾರಾದರೂ ಎಂಜಿನಿಯರ್ ಇದ್ದರೆ ರಿಪೋರ್ಟ್ ಓದೋದು, ಫಾರ್ಮ್ ತುಂಬೋದು, ಆಧಾರ್ ಲಿಂಕ್ ಮಾಡೋದು ಎಲ್ಲ ಅವರದೇ ಕೆಲಸ ಅಂತ ನಮ್ಮ ಕಡೆ ನಂಬಿಕೆ. ನಾನು ಓದಿದೆ. ದೊಡ್ಡ ಕರುಳಿನ ಎಡಭಾಗದ ಕೊನೆಯಲ್ಲಿ ಗಡ್ಡೆ. ಲಿವರ್‌ನಲ್ಲಿ ಮೂರು ಚುಕ್ಕೆ. ಕೊನೆಯಲ್ಲಿ ‘ಮೆಟಾಸ್ಟಾಸಿಸ್’ ಅನ್ನೋ ಪದ. ಅಂದರೆ ಕ್ಯಾನ್ಸರ್ ಹುಟ್ಟಿದ ಜಾಗ ಬಿಟ್ಟು ಬೇರೆ ಅಂಗಕ್ಕೆ ಹೋಗಿದೆ, ನಾಲ್ಕನೇ ಹಂತ.

ಮೀಟಿಂಗ್ ಮುಗಿಯೋ ಮೊದಲೇ ಗೂಗಲ್ ಮಾಡಿದೆ. ಅಮೆರಿಕದ ಅಂಕಿಅಂಶ ಕಣ್ಣಿಗೆ ಬಿತ್ತು. ಕ್ಯಾನ್ಸರ್ ಕರುಳಿನೊಳಗೇ ಇದ್ದರೆ ಐದು ವರ್ಷ ಬದುಕುವವರು ಶೇ 90ರ ಆಸುಪಾಸು. ಪಕ್ಕದ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಶೇ 70ಕ್ಕಿಂತ ಸ್ವಲ್ಪ ಹೆಚ್ಚು. ದೂರದ ಅಂಗಕ್ಕೆ ಹೋಗಿದ್ದರೆ ಶೇ 13ರಿಂದ 15. ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕಾಕಾಗೆ ಆಗ 52 ವರ್ಷ.

ಈಗ ನಾಲ್ಕು ವರ್ಷ ಆಯ್ತು. ಕಾಕಾ ಬದುಕಿದ್ದಾನೆ. ಈ ಸಲ ತೊಗರಿ ಬಿತ್ತೋವಾಗ ಹೊಲದಲ್ಲೇ ಇದ್ದ. ‘ನನ್ನ ಕಥಿ ಬರಿ, ಹೆಸರು ಬರೀಬ್ಯಾಡ’ ಅಂತ ಒಪ್ಪಿಗೆ ಕೊಟ್ಟ ಮೇಲೆ ಇದನ್ನು ಬರೀತಿದ್ದೇನೆ. ಆದರೆ ಇದು ‘ಕ್ಯಾನ್ಸರ್ ಗೆದ್ದ’ ಕಥೆ ಅಲ್ಲ. ಆ ಮಾತನ್ನು ಡಾಕ್ಟರೂ ಹೇಳಿಲ್ಲ, ನಾವೂ ಹೇಳಲ್ಲ. ಈ ನಾಲ್ಕು ವರ್ಷದಲ್ಲಿ ನಮಗೆ ಅರ್ಥವಾದದ್ದನ್ನು, ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನು ಇಲ್ಲಿ ಹೇಳ್ತೀನಿ.

ಎಂಟು ತಿಂಗಳ ‘ಮೂಲವ್ಯಾಧಿ’

ಕಾಕಾಗೆ ಮಲದಲ್ಲಿ ರಕ್ತ ಬರೋದು ಶುರುವಾಗಿದ್ದು ಆ ವರ್ಷದ ಮಾರ್ಚ್‌ನಲ್ಲಿ. ಕೊರೊನಾ ಎರಡನೇ ಅಲೆ. ಆಸ್ಪತ್ರೆ ಕಡೆ ಮುಖ ಹಾಕೋಕೇ ಜನ ಹೆದರುತ್ತಿದ್ದ ಕಾಲ. ತೋರಿಸಿದ ಕಡೆ ಮೂಲವ್ಯಾಧಿ ಅಂದರು, ಮುಲಾಮು ಕೊಟ್ಟರು. ರಕ್ತ ನಿಂತು ಮತ್ತೆ ಬಂತು. ಇನ್ನೊಂದು ಕಡೆ ಮತ್ತೆ ಅದೇ ಮಾತು. ಕೈಹಾಕಿ ಪರೀಕ್ಷೆ ಮಾಡಿದವರು ಯಾರೂ ಇಲ್ಲ. ಮಾಡಿಸಿಕೊಳ್ಳೋಕೆ ಕಾಕಾನೂ ತಯಾರಿರಲಿಲ್ಲ ಅನ್ನಿ.

ದಸರಾ ಹೊತ್ತಿಗೆ ಒಂಬತ್ತು ಕೆ.ಜಿ. ಇಳಿದಿದ್ದ. ಹಿಮೋಗ್ಲೋಬಿನ್ 7ಕ್ಕೆ ಬಂದಿತ್ತು. ‘ಹೊಲದಾಗ ದುಡದು ದುಡದು ಸಣ್ಣಾಗ್ಯಾನ’ ಅಂತ ಮನೆಯವರೆಲ್ಲ ಅಂದುಕೊಂಡೆವು. ಐವತ್ತು ದಾಟಿದ ಗಂಡಸಿಗೆ ಕಾರಣವಿಲ್ಲದೆ ರಕ್ತ ಕಡಿಮೆಯಾದರೆ ಮೊದಲು ಕರುಳನ್ನು ಅನುಮಾನಿಸಬೇಕು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ.

ನವೆಂಬರ್‌ನಲ್ಲಿ ಒಂದು ರಾತ್ರಿ ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿತು. ಗಾಳಿಯೂ ಹೋಗಲಿಲ್ಲ. ಕಲಬುರಗಿಗೆ ಓಡಿದೆವು. ಗಡ್ಡೆ ಕರುಳಿನ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಆ ರಾತ್ರಿ ಡಾಕ್ಟರು ಗಡ್ಡೆಯನ್ನು ಮುಟ್ಟಲಿಲ್ಲ. ಗಡ್ಡೆಗಿಂತ ಮೇಲಿನ ಕರುಳನ್ನು ಹೊಟ್ಟೆಯ ಹೊರಗೆ ತಂದು ಮಲ ಹೋಗೋಕೆ ದಾರಿ ಮಾಡಿದರು. ಅದಕ್ಕೆ ಸ್ಟೋಮಾ ಅಂತಾರೆ. ಮೇಲೆ ಒಂದು ಚೀಲ ಅಂಟಿಸುತ್ತಾರೆ. ಕಾಕಾ ಎಚ್ಚರಾಗಿ ಚೀಲ ಮುಟ್ಟಿ ನೋಡಿಕೊಂಡು ಗೋಡೆ ಕಡೆ ತಿರುಗಿ ಮಲಗಿದ. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಸ್ಕ್ಯಾನ್ ಫೋಟೊ ನನಗೆ ಬಂದಿದ್ದು ಆ ಎರಡು ದಿನಗಳಲ್ಲೇ.

ವಾಡಿಯಲ್ಲಿ ರೈಲು ಹತ್ತಿದ ಸಂಜೆ

ನಮ್ಮ ಕುಟುಂಬ ಐದು ಊರಲ್ಲಿ ಹಂಚಿಹೋಗಿದೆ. ಅಪ್ಪ–ಅವ್ವ ಸೇಡಂನಲ್ಲಿ. ಕಾಕಾ ಚಿಂಚೋಳಿ ತಾಲ್ಲೂಕಿನಲ್ಲಿ. ಅತ್ತಿ ಚಿತ್ತಾಪುರದಲ್ಲಿ. ಮಾಮಾ ವಾಡಿಯಲ್ಲಿ. ನನ್ನ ಕಾಲೇಜ್ ಗೆಳೆಯನ ಮನೆ ಶಹಾಬಾದ್. ಎಲ್ಲರೂ ಒಂದೊಂದು ಸಲಹೆ ಕೊಟ್ಟರು.

‘ಹೈದರಾಬಾದಿಗೆ ಹೋಗ್ರಿ, ಸೇಡಂನಾಗ ಟ್ರೇನ್ ಹತ್ತಿದ್ರ ತಾಂಡೂರ್ ದಾಟಿದ ಮ್ಯಾಲ ಬಂದೇ ಬಿಡ್ತದ’ ಅಂದ ಅಪ್ಪ. ಮಾಮಾ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಕ್ಯಾನ್ಸರ್ ಆಸ್ಪತ್ರೆ ಹೆಸರು ಹೇಳಿದ. ಅತ್ತಿಯದು ಬೇರೇನೇ: ‘ಕತ್ರಿ ಹಚ್ಚಬ್ಯಾಡ್ರಿ. ಕತ್ರಿ ಹಚ್ಚಿದ್ರ ಮೈಯೆಲ್ಲ ಹರಡ್ತದ. ಇಲ್ಲೊಬ್ರು ಬೇರು ಕೊಡ್ತಾರ.’

ಕತ್ತರಿ ಹಚ್ಚಿದರೆ ಹರಡುತ್ತೆ ಅನ್ನೋ ಮಾತು ನಮ್ಮ ಭಾಗದಲ್ಲಿ ಎಷ್ಟು ಗಟ್ಟಿ ಅಂದರೆ, ಬಯಾಪ್ಸಿ ಮಾಡಿಸೋಕೂ ಜನ ಹಿಂದೆ ಸರೀತಾರೆ. ತಡವಾಗಿ ಬಂದವರಿಗೆ ಆಪರೇಷನ್ ಆಗುತ್ತೆ, ಆಮೇಲೆ ಅವರು ತೀರಿಕೊಳ್ತಾರೆ. ಊರವರು ಆಪರೇಷನ್ನೇ ಕಾರಣ ಅಂತ ಲೆಕ್ಕ ಹಾಕ್ತಾರೆ. ಆಪರೇಷನ್‌ಗೆ ಬರೋ ಮೊದಲೇ ಕಾಯಿಲೆ ಎಲ್ಲಿವರೆಗೆ ಹೋಗಿತ್ತು ಅಂತ ಯಾರೂ ಕೇಳಲ್ಲ. ಬೇರಿನ ವಿಷಯಕ್ಕೂ ಆಮೇಲೆ ಡಾಕ್ಟರೇ ಉತ್ತರ ಕೊಟ್ಟರು: ಕೀಮೋ ನಡೀತಿರೋವಾಗ ಲಿವರ್‌ಗೆ ಮೊದಲೇ ಕೆಲಸ ಹೆಚ್ಚು, ಏನಿದೆ ಅಂತ ಗೊತ್ತಿಲ್ಲದ ಬೇರನ್ನು ಅದರ ಮೇಲೆ ಹಾಕಬೇಡಿ.

ನಾನು ಬೆಂಗಳೂರಲ್ಲಿ ಇದ್ದದ್ದರಿಂದ ಕೊನೆಗೆ ಬೆಂಗಳೂರೇ ಆಯ್ತು. ಡಿಸೆಂಬರ್‌ನ ಒಂದು ಸಂಜೆ ವಾಡಿ ಜಂಕ್ಷನ್‌ನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರು. ಕಾಕಾ, ಚಿಗವ್ವ, ತಮ್ಮ. ಚೀಲ ಸೋರಿದರೆ ಪಕ್ಕದವರಿಗೆ ವಾಸನೆ ಬರುತ್ತೆ ಅಂತ ಕಾಕಾ ರಾತ್ರಿಯೆಲ್ಲ ಬಾಗಿಲ ಹತ್ತಿರ ನಿಂತೇ ಬಂದನಂತೆ.

‘ಮೊದಲು ಕೀಮೋ’

ಬೆಂಗಳೂರಿನ ಡಾಕ್ಟರು ಫಿಲ್ಮ್ ನೋಡಿ, ‘ಈಗ ಆಪರೇಷನ್ ಬೇಡ. ಮೊದಲು ಕೀಮೋ’ ಅಂದರು.

ಕಾಕಾ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳಿದ್ದು ಆಗಲೇ: ‘ಆಪರೇಷನ್ ಮಾಡಂಗಿಲ್ಲೇನ್ರಿ? ಅಂದ್ರ ಮುಗೀತೇನ್ರಿ ನಂದು?’

ನಮ್ಮ ಜನಕ್ಕೆ ಆಪರೇಷನ್ ಅಂದರೆ ಒಂದು ಕಡೆ ಭಯ, ಇನ್ನೊಂದು ಕಡೆ ಅದೇ ಕೊನೆಯ ಆಸೆ. ‘ಮಾಡಲ್ಲ’ ಅಂದರೆ ಕೈಬಿಟ್ಟರು ಅಂತಲೇ ಅರ್ಥ. ಡಾಕ್ಟರು ಪೇಪರ್ ತಗೊಂಡು ಚಿತ್ರ ಬರೆದರು. ಅವತ್ತು ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳ್ತೀನಿ.

ಕರುಳಿನಿಂದ ಹೊರಡುವ ರಕ್ತ ನೇರವಾಗಿ ಹೃದಯಕ್ಕೆ ಹೋಗಲ್ಲ. ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಲಿವರ್‌ಗೆ ಹೋಗುತ್ತೆ. ನಾವು ತಿಂದದ್ದನ್ನೆಲ್ಲ ಶೋಧಿಸೋ ಜರಡಿ ಅದು. ಅದಕ್ಕೇ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳು ಮೊದಲು ಕೂರೋದು ಹೆಚ್ಚಾಗಿ ಲಿವರ್‌ನಲ್ಲೇ. ಈ ಕ್ಯಾನ್ಸರ್‌ನ ಒಂದು ವಿಶೇಷವೂ ಇಲ್ಲೇ ಇದೆ. ಹಲವು ಕ್ಯಾನ್ಸರ್‌ಗಳಲ್ಲಿ ನಾಲ್ಕನೇ ಹಂತ ಅಂದರೆ ಗುಣಪಡಿಸೋ ಉದ್ದೇಶದ ಸರ್ಜರಿ ಪ್ರಶ್ನೆಯೇ ಬರಲ್ಲ. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಮಾತ್ರ, ಹರಡಿದ್ದು ಲಿವರ್‌ಗೋ ಶ್ವಾಸಕೋಶಕ್ಕೋ ಅಷ್ಟೇ ಆಗಿದ್ದು, ಚುಕ್ಕೆಗಳು ಪೂರ್ತಿ ತೆಗೆಯುವಂತಿದ್ದರೆ, ಆ ಚುಕ್ಕೆಗಳನ್ನೂ ಕತ್ತರಿಸಿ ತೆಗೀತಾರೆ.

ಲಿವರ್‌ಗೆ ಇನ್ನೊಂದು ಗುಣ: ಕತ್ತರಿಸಿದರೆ ಮತ್ತೆ ಬೆಳೆಯುತ್ತೆ. ಆರೋಗ್ಯವಾಗಿದ್ದರೆ ಶೇ 70ರವರೆಗೂ ತೆಗೆಯಬಹುದು. ಉಳಿದ ಭಾಗ ಕೆಲವೇ ವಾರಗಳಲ್ಲಿ ಹಿಗ್ಗಿ ಕೆಲಸ ಹೊತ್ತುಕೊಳ್ಳುತ್ತೆ.

ಹಾಗಾದರೆ ತಕ್ಷಣ ಯಾಕೆ ಮಾಡಲ್ಲ? ಸರ್ಜನ್‌ಗಳು ನಾಲ್ಕು ಪ್ರಶ್ನೆ ಕೇಳಿಕೊಳ್ತಾರಂತೆ. ಕಾಣುವ ಎಲ್ಲ ಗಡ್ಡೆಯನ್ನೂ ತೆಗೆಯೋಕಾಗುತ್ತಾ? ತೆಗೆದ ಮೇಲೆ ಸಾಕಷ್ಟು ಲಿವರ್ ಉಳಿಯುತ್ತಾ (ಚೆನ್ನಾಗಿರೋ ಲಿವರ್ ಆದರೆ ಕನಿಷ್ಠ ಶೇ 20, ಕೀಮೋ ಆದ ಮೇಲೆ ಶೇ 30ರಷ್ಟು)? ಕಾಯಿಲೆಯ ನಡವಳಿಕೆ ಹೇಗಿದೆ? ರೋಗಿಯ ಮೈಯಲ್ಲಿ ಇದನ್ನು ತಡೆಯೋ ಶಕ್ತಿ ಇದೆಯಾ?

ಮೂರನೇ ಪ್ರಶ್ನೆಗೆ ಉತ್ತರ ಕೀಮೋದಿಂದ ಸಿಗುತ್ತೆ. ಔಷಧಿಗೆ ಚುಕ್ಕೆಗಳು ಕುಗ್ಗಿದರೆ ಆಪರೇಷನ್‌ನಿಂದ ಲಾಭ ಆಗೋ ಸಾಧ್ಯತೆ ಹೆಚ್ಚು. ಔಷಧಿ ನಡೀತಿರೋವಾಗಲೇ ಹೊಸ ಚುಕ್ಕೆ ಹುಟ್ಟಿದರೆ, ಕತ್ತರಿಸಿ ತೆಗೆದರೂ ಅದು ಬೇರೆ ಕಡೆ ಏಳುತ್ತೆ. ದೊಡ್ಡ ಗಾಯ ಮಾತ್ರ ಉಳಿಯುತ್ತೆ. ಕೆಲವರಿಗೆ ಮೊದಲು ತೆಗೆಯಲಾಗದಂತಿದ್ದ ಚುಕ್ಕೆಗಳು ಕೀಮೋದಿಂದ ಕುಗ್ಗಿ ತೆಗೆಯುವಂತಾಗೋದೂ ಉಂಟು.

ಈ ನಿರ್ಧಾರ ಒಬ್ಬ ಡಾಕ್ಟರದ್ದಲ್ಲ. ಕರುಳಿನ ಸರ್ಜನ್, ಲಿವರ್ ಸರ್ಜನ್, ಕೀಮೋ ಕೊಡುವ ಆಂಕಾಲಜಿಸ್ಟ್, ಸ್ಕ್ಯಾನ್ ಓದುವವರು ಎಲ್ಲ ಸೇರಿ ಕೂರುವ ಸಭೆಗೆ ಟ್ಯೂಮರ್ ಬೋರ್ಡ್ ಅಂತಾರೆ. ಕಾಕಾನ ಫಿಲ್ಮ್ ಅಲ್ಲಿ ಹೋಯ್ತು. ಮೂರು ಚುಕ್ಕೆಯೂ ಲಿವರ್‌ನ ಬಲಭಾಗದಲ್ಲೇ ಇದ್ದವು. ಅದು ನಮ್ಮ ಅದೃಷ್ಟ. ಆರು ಸಲ ಕೀಮೋ, ಮತ್ತೆ ಸ್ಕ್ಯಾನ್, ಆಮೇಲೆ ನೋಡೋಣ ಅಂತ ತೀರ್ಮಾನ.

ಗಡಿಗೆ ನೀರೂ ಸೂಜಿ

ಜನವರಿಯಿಂದ ಮಾರ್ಚ್‌ವರೆಗೆ ಎರಡು ವಾರಕ್ಕೊಮ್ಮೆ ಕೀಮೋ. ಕೂದಲು ಉದುರುತ್ತೆ ಅಂತ ಹೆದರಿದ್ದೆವು, ಅಷ್ಟೇನೂ ಉದುರಲಿಲ್ಲ. ಕಾಟ ಕೊಟ್ಟಿದ್ದು ತಂಪು. ಈ ಕೀಮೋದಲ್ಲಿ ಬಳಸೋ ಆಕ್ಸಾಲಿಪ್ಲಾಟಿನ್ ಅನ್ನೋ ಔಷಧಿ ನರಗಳಿಗೆ ತಾಗುತ್ತೆ. ತಣ್ಣಗಿನ ವಸ್ತು ಮುಟ್ಟಿದರೆ, ಕುಡಿದರೆ ಸೂಜಿ ಚುಚ್ಚಿದ ಹಾಗಾಗುತ್ತೆ. ಕಲಬುರಗಿ ಬಿಸಿಲು ನಿಮಗೆ ಗೊತ್ತು. ಮಾರ್ಚ್‌ನಲ್ಲಿ ಮನೆಯವರೆಲ್ಲ ಗಡಿಗೆ ನೀರು ಕುಡಿಯುವಾಗ ಕಾಕಾ ಬಿಸಿನೀರು ಕುಡೀತಾ ಕೂರ್ತಿದ್ದ. ‘ಬಿಸಲಾಗ ಬಿಸಿನೀರು ಕುಡಿಸೋ ಜಡ್ಡು ಇದೊಂದೇ ನೋಡ್ ತಮ್ಮಾ’ ಅಂತಿದ್ದ.

ಚೀಲದ ಸಂಕಟ ಅದಕ್ಕಿಂತ ದೊಡ್ಡದಿತ್ತು. ಆ ವರ್ಷ ಶರಣಬಸವೇಶ್ವರ ಜಾತ್ರೆಗೆ ಹೋಗಲಿಲ್ಲ. ಮದುವೆ, ಮುಂಜಿ ಎಲ್ಲ ಬಿಟ್ಟ. ಚಿಗವ್ವ ಮಾತ್ರ ಒಂದೇ ವಾರದಲ್ಲಿ ಚೀಲ ಬದಲಾಯಿಸೋದು ಕಲಿತಳು. ಸುತ್ತಲಿನ ಚರ್ಮ ಒರೆಸಿ ಒಣಗಿಸೋದು, ತೂತಿನ ಅಳತೆಗೆ ಸರಿಯಾಗಿ ಕತ್ತರಿಸಿ ಅಂಟಿಸೋದು. ನಾಲ್ಕನೇ ಕ್ಲಾಸು ಓದಿದ ಚಿಗವ್ವನ ಕೈಯಲ್ಲಿ ಒಂದು ಸಲವೂ ಸೋರಲಿಲ್ಲ. ನಾನು ವಿಡಿಯೊ ನೋಡಿ ಅಂಟಿಸಿದ್ದು ಎರಡೂ ಸಲ ಸೋರಿತು.

ಸ್ಟೋಮಾ ಎಲ್ಲರಿಗೂ ಶಾಶ್ವತ ಅಲ್ಲ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಕೆಲವರಿಗೆ ಜೀವನಪೂರ್ತಿ ಬೇಕಾಗುತ್ತೆ, ಬಹಳಷ್ಟು ಜನಕ್ಕೆ ಕೆಲ ತಿಂಗಳಲ್ಲಿ ಮುಚ್ಚಬಹುದು. ‘ಚೀಲ ಹಾಕೋದಾದ್ರ ಆಪರೇಷನ್ನೇ ಬ್ಯಾಡ’ ಅಂತ ಆಸ್ಪತ್ರೆಯಿಂದ ಎದ್ದು ಹೋದವರನ್ನು ನಾನೇ ನೋಡಿದ್ದೇನೆ. ಹೋಗೋ ಮೊದಲು ಈ ಒಂದು ಪ್ರಶ್ನೆ ಕೇಳಬೇಕಿತ್ತು.

ಏಪ್ರಿಲ್ 2022

ಸ್ಕ್ಯಾನ್‌ನಲ್ಲಿ ಚುಕ್ಕೆಗಳು ಅರ್ಧಕ್ಕರ್ಧ ಕುಗ್ಗಿದ್ದವು. ಹೊಸದು ಇರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಆಪರೇಷನ್. ಒಂದೇ ಸಲಕ್ಕೆ ಕರುಳಿನ ಗಡ್ಡೆ, ಅದರ ಸುತ್ತಲಿನ ದುಗ್ಧಗ್ರಂಥಿಗಳು, ಲಿವರ್‌ನ ಆ ಭಾಗ. ಏಳೂವರೆ ಗಂಟೆ. ಹೊರಗೆ ಚಿಗವ್ವ ಒಂದು ಮಾತೂ ಆಡದೆ ಕೂತಿದ್ದಳು. ಅಪ್ಪ ಕಾರಿಡಾರಿನ ಟೈಲ್ಸ್ ಎಣಿಸ್ತಿದ್ದ. ‘ಎಲ್ಲ ತೆಗೆದಿದ್ದೇವೆ’ ಅಂತ ಸರ್ಜನ್ ಬಂದು ಹೇಳಿದಾಗ ಅಪ್ಪ ಅವರ ಕಾಲು ಮುಟ್ಟೋಕೆ ಹೋದ.

ಬಯಾಪ್ಸಿ ರಿಪೋರ್ಟ್ ಬಂದಾಗ ನಾನು ಎರಡು ಸಾಲು ಹುಡುಕಿದೆ. ಒಂದು, ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇದೆಯಾ ಇಲ್ಲವಾ. ಇನ್ನೊಂದು, ಎಷ್ಟು ದುಗ್ಧಗ್ರಂಥಿ ಪರೀಕ್ಷಿಸಿದ್ದಾರೆ. ಕನಿಷ್ಠ 12 ಪರೀಕ್ಷೆ ಮಾಡಬೇಕು ಅನ್ನೋದು ನಿಯಮ. ಅದಕ್ಕಿಂತ ಕಡಿಮೆಯಾದರೆ ಹಂತ ತಪ್ಪಾಗಿ ಲೆಕ್ಕ ಆಗಬಹುದು. ಅಂಚು ಸ್ವಚ್ಛವಿತ್ತು. ಗ್ರಂಥಿ 19 ನೋಡಿದ್ದರು.

ಜೂನ್‌ನಿಂದ ಉಳಿದ ಆರು ಕೀಮೋ. ಡಿಸೆಂಬರ್‌ನಲ್ಲಿ ಸ್ಟೋಮಾ ಮುಚ್ಚಿದರು. ಮುಂದಿನ ವರ್ಷ ಜಾತ್ರೆಗೆ ಕಾಕಾ ಎಲ್ಲರಿಗಿಂತ ಮೊದಲೇ ಹೊರಟು ನಿಂತಿದ್ದ.

ಶಹಾಬಾದಿನ ಮನೆ

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ. ಆದರೆ ಅರ್ಧ ಸುಳ್ಳಾಗುತ್ತೆ.

ನನ್ನ ಶಹಾಬಾದ್ ಗೆಳೆಯನ ಅಪ್ಪ ಕಲ್ಲಿನ ಪಾಲಿಷ್ ಕೆಲಸದಲ್ಲಿ ಮೂವತ್ತು ವರ್ಷ ದುಡಿದವರು. ಕಾಕಾಗೆ ಗೊತ್ತಾದ ಮುಂದಿನ ವರ್ಷ ಅವರಿಗೂ ಅದೇ ಕಾಯಿಲೆ, ಅದೇ ನಾಲ್ಕನೇ ಹಂತ. ಗೆಳೆಯ ನನಗೇ ಮೊದಲು ಫೋನ್ ಮಾಡಿದ. ‘ನಿಮ್ಮ ಕಾಕಾಗ ಮಾಡಿದ ಡಾಕ್ಟರ್ ನಂಬರ್ ಕೊಡು.’

ಆದರೆ ಅವರ ಸ್ಕ್ಯಾನ್ ಬೇರೆ ಇತ್ತು. ಲಿವರ್‌ನ ಎರಡೂ ಬದಿ ಹತ್ತಾರು ಚುಕ್ಕೆ. ಶ್ವಾಸಕೋಶದಲ್ಲಿ ಕೆಲವು. ಹೊಟ್ಟೆಯ ಒಳಪೊರೆಯಲ್ಲೂ ಇತ್ತು. ಮೂರು ಕಡೆ ತೋರಿಸಿದರು. ಮೂರೂ ಕಡೆ ‘ಆಪರೇಷನ್ ಬೇಡ, ಕೀಮೋ ಕೊಡೋಣ’ ಅಂದರು. ಗೆಳೆಯ ಮನೆ ಮಾರೋಕೆ ತಯಾರಿದ್ದ. ‘ಲಿವರ್ ಬಿಡ್ರಿ, ಕರುಳಿನ ಗಡ್ಡಿನಾದ್ರೂ ತಗೀರಿ’ ಅಂತ ಬೇಡಿಕೊಂಡ.

ಅವನ ಪ್ರಶ್ನೆ ತಪ್ಪಲ್ಲ. ಡಾಕ್ಟರುಗಳೂ ಬಹಳ ವರ್ಷ ಹಾಗೇ ಯೋಚಿಸಿದ್ದರು: ಮೂಲ ಗಡ್ಡೆ ತೆಗೆದರೆ ಆಯುಷ್ಯ ಹೆಚ್ಚಬಹುದು ಅಂತ. ಅದನ್ನು ಪರೀಕ್ಷೆ ಮಾಡಿ ನೋಡಿದ ಜಪಾನಿನ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯ್ತು. ಹರಡಿದ್ದನ್ನು ತೆಗೆಯಲಾಗದ, ಆದರೆ ಮೂಲ ಗಡ್ಡೆಯಿಂದ ಸದ್ಯ ತೊಂದರೆ ಇಲ್ಲದ ರೋಗಿಗಳಲ್ಲಿ ಒಂದು ಗುಂಪಿಗೆ ಗಡ್ಡೆ ತೆಗೆದು ಕೀಮೋ, ಇನ್ನೊಂದು ಗುಂಪಿಗೆ ಬರೀ ಕೀಮೋ. ಎರಡೂ ಗುಂಪಿನಲ್ಲಿ ಅರ್ಧದಷ್ಟು ಜನ ಬದುಕಿದ್ದ ಕಾಲ ಸುಮಾರು 26 ತಿಂಗಳು. ವ್ಯತ್ಯಾಸವೇ ಇಲ್ಲ. ಗಡ್ಡೆ ದಾರಿ ಮುಚ್ಚಿದರೆ, ತೂತಾದರೆ, ನಿಲ್ಲದಂತೆ ರಕ್ತ ಸುರಿದರೆ ಆಪರೇಷನ್ ಬೇಕೇ ಬೇಕು. ಇಲ್ಲದಿದ್ದರೆ ಆಪರೇಷನ್ ಮಾಡಿ, ಗಾಯ ಮಾಯೋವರೆಗೆ ಕೀಮೋ ನಿಲ್ಲಿಸಿ ಕಾಯೋದರಿಂದ ಲಾಭ ಇಲ್ಲ.

ಅವರು 22 ತಿಂಗಳು ಇದ್ದರು. ಮಗಳ ಮದುವೆಯಲ್ಲಿ ಅಕ್ಷತೆ ಹಾಕಿದರು. ಕೊನೆಯ ಎರಡು ತಿಂಗಳು ಬಿಟ್ಟರೆ ಮನೆಯಲ್ಲೇ, ತಮ್ಮ ಕಟ್ಟೆಯ ಮೇಲೇ ಕೂತು ಚಹಾ ಕುಡಿದರು.

ಆದರೂ ಊರಲ್ಲಿ ಒಂದು ಮಾತು ಉಳೀತು: ‘ದುಡ್ಡಿಗೆ ಹಿಂದ ಮುಂದ ನೋಡಿ ಮಗ ಆಪರೇಷನ್ ಮಾಡಸಲಿಲ್ಲ.’ ಗೆಳೆಯ ಈಗಲೂ ರಾತ್ರಿ ಫೋನ್ ಮಾಡಿ ಕೇಳ್ತಾನೆ, ‘ನಾನು ಇನ್ನೊಂದ್ ಕಡಿ ತೋರಸಬೇಕಿತ್ತೇನೋ?’ ಈ ಲೇಖನ ಬರೆಯೋಕೆ ಮುಖ್ಯ ಕಾರಣ ಕಾಕಾ ಅಲ್ಲ, ಈ ಗೆಳೆಯ. ‘ಮಾಡಲ್ಲ’ ಅಂತ ಡಾಕ್ಟರು ಹೇಳಿದ್ದೂ ಒಂದು ಚಿಕಿತ್ಸೆಯ ನಿರ್ಧಾರವೇ. ಅವರ ಅಪ್ಪನಿಗೆ ಸಿಕ್ಕ 22 ತಿಂಗಳು ಅವನು ಕಳೆದುಕೊಂಡದ್ದಲ್ಲ, ಅವನು ಕೊಡಿಸಿದ್ದು. ಯಾರಾದರೂ ಅವನಂಥವರು ಇದನ್ನು ಓದುತ್ತಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ.

ಹಾಗಾದರೆ ಆ ಶೇಕಡ ಎಷ್ಟು?

ನಾನು ಮೊದಲ ದಿನ ನೋಡಿದ ಶೇ 13–15 ಸುಳ್ಳಲ್ಲ. ಆದರೆ ಅದು ನಾಲ್ಕನೇ ಹಂತದ ಎಲ್ಲರನ್ನೂ, ಕಾಕಾ ಮತ್ತು ಗೆಳೆಯನ ಅಪ್ಪ ಇಬ್ಬರನ್ನೂ, ಒಂದೇ ಮೂಟೆಗೆ ತುಂಬಿದ ಲೆಕ್ಕ. ಲಿವರ್‌ಗೆ ಹರಡಿದವರಲ್ಲಿ ಮೊದಲೇ ತೆಗೆಯುವಂತೆ ಇರೋದು ಐವರಲ್ಲಿ ಒಬ್ಬರಿಗೆ. ಹಾಗೆ ಆಯ್ದು ಆಪರೇಷನ್ ಮಾಡಿದವರಲ್ಲಿ ಐದು ವರ್ಷ ಬದುಕುವವರು ಶೇ 40ರ ಆಸುಪಾಸು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು 2007ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಲಿವರ್ ಆಪರೇಷನ್ ಆದ 612 ಜನರಲ್ಲಿ 102 ಜನ ಹತ್ತು ವರ್ಷ ದಾಟಿದ್ದರು. ಆರರಲ್ಲಿ ಒಬ್ಬರು. ಹತ್ತು ವರ್ಷ ದಾಟಿದ ಮೇಲೆ ಇದೇ ಕ್ಯಾನ್ಸರ್‌ನಿಂದ ತೀರಿಕೊಂಡವರು ಒಬ್ಬರೇ. ಆದರೂ ಆಪರೇಷನ್ ಆದ ಬಹುಪಾಲು ಜನಕ್ಕೆ ಒಂದಲ್ಲ ಒಂದು ದಿನ ಕಾಯಿಲೆ ಮರಳಿ ಬರುತ್ತೆ.

ಕಾಕಾಗೂ ಬಂತು. 2023ರ ಅಕ್ಟೋಬರ್‌ನಲ್ಲಿ ರಕ್ತದ ಸಿ.ಇ.ಎ. ಪರೀಕ್ಷೆ 3 ಇದ್ದದ್ದು 14 ಆಯ್ತು. ಲಿವರ್‌ನಲ್ಲಿ ಎರಡು ಸೆಂಟಿಮೀಟರಿನ ಒಂದು ಹೊಸ ಚುಕ್ಕೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆ ತಪ್ಪಿಸದೇ ಮಾಡಿಸಿದ್ದಕ್ಕೆ ಸಣ್ಣದಿರುವಾಗಲೇ ಸಿಕ್ಕಿತು. ಈ ಸಲ ಹೊಟ್ಟೆ ಕುಯ್ಯಲಿಲ್ಲ. ಸೂಜಿ ಇಳಿಸಿ ಶಾಖ ಕೊಟ್ಟು ಅದನ್ನು ಸುಟ್ಟರು. ಅಲ್ಲಿಂದ ಈಚೆಗೆ ಸ್ಕ್ಯಾನ್ ಸ್ವಚ್ಛವಾಗಿದೆ. ಪ್ರತೀ ಸಲ ರಿಪೋರ್ಟ್ ಬರುವ ಹಿಂದಿನ ರಾತ್ರಿ ನಮ್ಮನೆಯಲ್ಲಿ ಯಾರಿಗೂ ನಿದ್ದೆ ಬರಲ್ಲ.

ಜಗತ್ತಿನಲ್ಲಿ ಹೊಸ ದಾರಿಗಳೂ ತೆರೀತಿವೆ. ಗಡ್ಡೆಗೆ ಎಂ.ಎಸ್.ಐ. ಅನ್ನೋ ಪರೀಕ್ಷೆ ಮಾಡ್ತಾರೆ. ನಾಲ್ಕನೇ ಹಂತದ ನೂರರಲ್ಲಿ ಸುಮಾರು ಐವರಿಗೆ ಅದು ಪಾಸಿಟಿವ್ ಬರುತ್ತೆ, ಅಂಥವರಿಗೆ ಕೀಮೋಗಿಂತ ಇಮ್ಯುನೊಥೆರಪಿ ಚೆನ್ನಾಗಿ ಕೆಲಸ ಮಾಡುತ್ತೆ. 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಟ್ರಾನ್ಸ್‌ಮೆಟ್ ಅನ್ನೋ ಅಧ್ಯಯನದಲ್ಲಿ, ಕತ್ತರಿಸಿ ತೆಗೆಯಲಾಗದಂತೆ ಬರೀ ಲಿವರ್‌ಗೆ ಹರಡಿದ್ದ 94 ಜನರನ್ನು ಎರಡು ಗುಂಪು ಮಾಡಿದ್ದರು. ಕೀಮೋ ಜೊತೆ ಲಿವರ್ ಕಸಿಗೆ ಗೊತ್ತುಮಾಡಿದ ಗುಂಪಿನಲ್ಲಿ ಐದು ವರ್ಷ ಬದುಕಿದವರು ಶೇ 57ರಷ್ಟು, ಬರೀ ಕೀಮೋ ಗುಂಪಿನಲ್ಲಿ ಶೇ 13ರಷ್ಟು. ಬಹಳ ಸೋಸಿ ಆರಿಸಿದ ಕೆಲವೇ ರೋಗಿಗಳಿಗೆ ಹೊಂದುವ ಚಿಕಿತ್ಸೆ ಇದು. 

ಹೊಲದಲ್ಲಿ ನಡೆಯೋದು ಬಿಡಬೇಡಿ ಅಂತ ಕಾಕಾಗೆ ಡಾಕ್ಟರ್ ಹೇಳಿದ್ದಾರೆ. ಅದಕ್ಕೂ ಆಧಾರ ಇದೆ. ಎರಡು–ಮೂರನೇ ಹಂತದ 889 ಜನರ ಮೇಲೆ ನಡೆದ ಅಧ್ಯಯನವೊಂದು 2025ರಲ್ಲಿ ಬಂತು. ಆಪರೇಷನ್, ಕೀಮೋ ಮುಗಿದ ಮೇಲೆ ಮೂರು ವರ್ಷ ಕ್ರಮಬದ್ಧವಾಗಿ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷದ ನಂತರ ಬದುಕಿದ್ದವರು ಶೇ 90, ಬರೀ ಸಲಹೆ ಪಡೆದವರಲ್ಲಿ ಶೇ 83. ಕಾಕಾನ ಹಂತ ಅದಲ್ಲ, ಆದರೂ ನಡಿಗೆಗೆ ದುಡ್ಡು ಬೀಳಲ್ಲ.

ದುಡ್ಡಿನ ಮಾತು

ಕಾಕಾನದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಈ ಪತ್ರ ಇಲ್ಲದೆ ಬೆಂಗಳೂರಿಗೆ ಹೋಗಿ ವಾಪಸ್ ಬಂದವರಿದ್ದಾರೆ, ಮೊದಲೇ ಮಾಡಿಸಿಕೊಳ್ಳಿ.

ಕಲಬುರಗಿಯಲ್ಲೇ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರ ಇದೆ, ಜಿಮ್ಸ್ ಇದೆ. ವಾಡಿ, ಸೇಡಂ, ಶಹಾಬಾದ್ ಕಡೆ ಫ್ಯಾಕ್ಟರಿಗಳಲ್ಲಿ ದುಡಿಯುವ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರ್ತಾರೆ. ಕಲಬುರಗಿಯಲ್ಲಿ ಇಎಸ್‌ಐಸಿ ಆಸ್ಪತ್ರೆಯೂ ಇದೆ. ದೊಡ್ಡ ಆಪರೇಷನ್ ದೂರದ ಊರಲ್ಲಿ ಆದರೂ, ಕೀಮೋ ಹತ್ತಿರದಲ್ಲಿ ಕೊಡಿಸಬಹುದಾ ಅಂತ ಕೇಳಿ. ನಾವು ಕೇಳದೇ ಹೋಗಿದ್ದಕ್ಕೆ ಮೊದಲ ಆರು ಸಲ 600 ಕಿ.ಮೀ. ಅಲೆದೆವು.

ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗಾಗಿ ಹೋಗುವಾಗ ರೈಲಿನ ಸ್ಲೀಪರ್ ಮತ್ತು ತ್ರೀ ಟೈರ್ ಎ.ಸಿ.ಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ತಗೊಳ್ಳಬೇಕು. ನಮಗೆ ಇದು ಗೊತ್ತಾಗಿದ್ದು ಐದನೇ ಪ್ರಯಾಣದಲ್ಲಿ, ಪಕ್ಕದ ಸೀಟಿನ ಯಾದಗಿರಿಯ ಅಜ್ಜಿಯಿಂದ.

ಅಪ್ಪನ ಕೊಲೊನೋಸ್ಕೋಪಿ

ಒಡಹುಟ್ಟಿದವರಿಗೆ ಅಥವಾ ಹೆತ್ತವರಿಗೆ ಈ ಕ್ಯಾನ್ಸರ್ ಬಂದಿದ್ದರೆ, 40ನೇ ವಯಸ್ಸಿಗೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಡಾಕ್ಟರ್ ಇದನ್ನು ಹೇಳಿದಾಗ ಅಪ್ಪ ‘ನನಗೇನ್ ಆಗ್ಯಾದ? ಗಟ್ಟಿಗೆ ಅದೀನಿ’ ಅಂದ. ಮೂರು ತಿಂಗಳು ತಪ್ಪಿಸಿಕೊಂಡ. ಕೊನೆಗೆ ಕಾಕಾನೇ ಅಂಗಿ ಎತ್ತಿ ಚೀಲ ತೋರಿಸಿ, ‘ಅಣ್ಣಾ, ನಾನೂ ಹಿಂಗೇ ಅಂದಿದ್ದೆ’ ಅಂದ.

ಅಪ್ಪನ ಕರುಳಲ್ಲಿ ಎರಡು ಪಾಲಿಪ್ ಸಿಕ್ಕವು, ಮುಂದೆ ಕ್ಯಾನ್ಸರ್ ಆಗಬಲ್ಲ ಜಾತಿಯವು. ಪರೀಕ್ಷೆ ಮಾಡುವಾಗಲೇ ತೆಗೆದರು. ಅರ್ಧ ಗಂಟೆಯ ಕೆಲಸ. ಸಂಜೆ ಮನೆಗೆ ಬಂದು ರೊಟ್ಟಿ ಉಂಡ. ಅಣ್ಣ–ತಮ್ಮ ಇಬ್ಬರ ನಡುವಿನ ವ್ಯತ್ಯಾಸ ಅಷ್ಟೇ, ಒಂದು ಪರೀಕ್ಷೆ.

ಕಾಯಿಲೆಯನ್ನು ಬಾಯಿಬಿಟ್ಟು ಹೇಳೋಕೆ ನಮ್ಮಲ್ಲಿ ಈಗೀಗ ಧೈರ್ಯ ಬರ್ತಿದೆ. ನಟ ಶಿವರಾಜ್‌ಕುಮಾರ್ 2024ರ ಡಿಸೆಂಬರ್‌ನಲ್ಲಿ ಅಮೆರಿಕದ ಮಯಾಮಿಯಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು, ಅದನ್ನು ಅಭಿಮಾನಿಗಳಿಗೆ ತಾವೇ ಹೇಳಿದರು. ಕರುಳಿನ ಭಾಗದಿಂದಲೇ ಅವರಿಗೆ ಹೊಸ ಮೂತ್ರಕೋಶ ಮಾಡಿದ್ದರು. ಆ ವಿಡಿಯೊ ನೋಡಿ ಕಾಕಾ ನಕ್ಕ: ‘ಶಿವಣ್ಣಗ ಅವರ ಕರಳು ಕೆಲಸಕ್ಕ ಬಂತು. ನಂದು ನನಗೇ ಕೈಕೊಡ್ತು ನೋಡ್ ತಮ್ಮಾ.’

ನೀವು ಕೇಳಬೇಕಾದ್ದು

ಮಲದಲ್ಲಿ ರಕ್ತ, ಕೆಲವು ವಾರಗಳಿಂದ ಬದಲಾದ ಮಲವಿಸರ್ಜನೆ, ಕಾರಣವಿಲ್ಲದ ತೂಕ ಇಳಿಕೆ, ರಕ್ತಹೀನತೆ – ಇದರಲ್ಲಿ ಯಾವುದಿದ್ದರೂ ‘ಮೂಲವ್ಯಾಧಿ’ ಅಂತ ನೀವೇ ತೀರ್ಮಾನ ಮಾಡಬೇಡಿ. ಊರಲ್ಲಿರುವ ಅಪ್ಪ–ಅವ್ವನನ್ನು ಫೋನಿನಲ್ಲಿ ‘ಊಟ ಆಯ್ತಾ’ ಅಂತ ಕೇಳ್ತೀರಲ್ಲ, ಒಂದು ಸಲ ಇದನ್ನೂ ಕೇಳಿ. ನಾಚಿಕೆಯಾಗುತ್ತೆ. ನನಗೂ ಆಗಿತ್ತು.

ಕಾಯಿಲೆ ಗೊತ್ತಾದ ಮೇಲೆ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು ಇವು:

1. ಎಲ್ಲೆಲ್ಲಿ ಹರಡಿದೆ? ಪೂರ್ತಿ ತೆಗೆಯಬಹುದಾ?
2. ಈಗ ಆಗದಿದ್ದರೆ, ಕೀಮೋ ನಂತರ ಆಗಬಹುದಾ? ಯಾವಾಗ ಮತ್ತೆ ನೋಡ್ತೀರಿ?
3. ಲಿವರ್ ಸರ್ಜನ್ ಈ ಸ್ಕ್ಯಾನ್ ನೋಡಿದ್ದಾರಾ? ಟ್ಯೂಮರ್ ಬೋರ್ಡ್‌ಗೆ ಹೋಗಿದೆಯಾ?
4. ಎಂ.ಎಸ್.ಐ. ಪರೀಕ್ಷೆ ಮಾಡಿಸಿದ್ದೀರಾ?
5. ಸ್ಟೋಮಾ ಬೇಕಾ? ತಾತ್ಕಾಲಿಕವಾ, ಶಾಶ್ವತವಾ?
6. ಆಪರೇಷನ್ ಬೇಡ ಅಂದರೆ, ಯಾಕೆ ಬೇಡ?

ಕೊನೆಯ ಪ್ರಶ್ನೆಯ ಉತ್ತರವನ್ನು ಮನೆಯವರೆಲ್ಲ ಒಟ್ಟಿಗೆ ಕೂತು ಕೇಳಿ. ಆಮೇಲೆ ಯಾರೂ ಒಬ್ಬರೇ ಅದನ್ನು ಹೊತ್ತುಕೊಂಡು ನಿದ್ದೆಗೆಡಬಾರದು.

ಕಾಕಾನ ಮುಂದಿನ ಸ್ಕ್ಯಾನ್ ಇನ್ನು ಮೂರು ವಾರಕ್ಕೆ. ಟಿಕೆಟ್ ಆಗಿದೆ. ವಾಡಿಯಿಂದ, ಕೆಳಗಿನ ಬರ್ತ್. ಈಗ ಅವನು ಬಾಗಿಲ ಹತ್ತಿರ ನಿಲ್ಲಲ್ಲ. ರಾಯಚೂರು ಬರೋದರೊಳಗೆ ಗೊರಕೆ ಹೊಡೀತಾನೆ ಅಂತ ಚಿಗವ್ವನ ದೂರು.